ಒಂಟಿಕೊಕ್ಕರೆ ಮತ್ತು ಮೆಂತ್ಯದಹಿಟ್ಟು

ನಮ್ಮೂರಲ್ಲಿ ಇಬ್ಬರು ಮಾತು ಬಿಟ್ಟರೆ ಮಾರನೇ ಬೆಳಗ್ಗೆಯಿಂದ ಒಬ್ಬರಿಗೊಬ್ಬರು ಕಾಣಿಸೋಲ್ಲ. ಕೇಳಿಸೋದೂ ಇಲ್ಲ. ಉಳಿದವರಿಗೆಲ್ಲ ಇಬ್ಬರೂ ಕಣ್ಣೆದುರಿಗೇ ಓಡಾಡ್ತಿರ್ತಾರೆ, ಆದರೆ ಇವರ ಪಾಲಿಗೆ ಅವರಿಲ್ಲ, ಅವರ ಪಾಲಿಗೆ ಇವರಿಲ್ಲ. ಮದುವೆ ಊಟದ ಪಂಕ್ತಿಯಲ್ಲಿ ಒಬ್ಬರು ನಿಂತು ‘ಆ ಎಲೆ ಖಾಲಿ ಇಲ್ಲ ಸ್ವಾಮಿ, ಮುಂದಕ್ಕೆ ಹೋಗಿ’ ಅಂತ ಹೇಳ್ತಾ ಇರಬೇಕು, ಇಲ್ಲದಿದ್ದರೆ ಬೀಗರ ತೊಡೆ ಮೇಲೆ ಬೀಗರೇ ಕೂತುಬಿಡ್ತಾರೆ. ಬಸ್ಸಿನಲ್ಲಿ ಕಂಡಕ್ಟರು ಟಿಕೆಟ್ ಕೊಡೋ ಮೊದಲು ‘ಕಾಣದವರು ಯಾರಾದರೂ ಇದ್ದಾರಾ?’ ಅಂತ ಕೇಳಿಯೇ ಸೀಟು ತೋರಿಸೋದು. ಚೀಟಿ ಬರೆದು ಕಳಿಸಿದರೆ ಕಾಗದ ಖಾಲಿ ಕಾಣುತ್ತೆ. ನಮ್ಮಂಥ ಮೂರನೆಯವರು ನಡುವೆ ಹೋಗಿ ‘ನಿಮ್ಮ ತಮ್ಮ ಹೀಗಂದ’ ಅಂತ ಶುರು ಮಾಡಿದರೆ ನಮ್ಮ ತುಟಿ ಅಲ್ಲಾಡಿದ್ದು ಕಾಣುತ್ತೆ, ಮಾತು ಕಿವಿಗೆ ಬೀಳೋಲ್ಲ. ನಾವೆಲ್ಲ ಇದಕ್ಕೆ ಒಗ್ಗಿಹೋಗಿದ್ದೀವಿ.

ಬಿಡಿಸಿಕೊಳ್ಳೋಕೆ ದಾರಿ ಒಂದೇ. ಇಬ್ಬರೂ ಒಂದೇ ಗಳಿಗೆಯಲ್ಲಿ ಒಬ್ಬರನ್ನೊಬ್ಬರು ಕರೆಯಬೇಕು. ಅದೂ ತಾನಾಗಿ, ಹೊಟ್ಟೆಯೊಳಗಿಂದ ಬರಬೇಕು. ಹೇಳಿಸಿಕೊಂಡು ಕರೆದರೆ ನಡೆಯೋಲ್ಲ, ಗಂಟೆ ನೋಡಿಕೊಂಡು ಕರೆದರೂ ನಡೆಯೋಲ್ಲ. ಹಿಂದೆ ಯಾವನೋ ಬುದ್ಧಿವಂತ, ಮಧ್ಯಾಹ್ನ ಗಿರಣಿಯ ಸೈರನ್ ಕೂಗಿದಾಗ ಎಲ್ಲರೂ ಕರೆದುಬಿಟ್ಟರೆ ಹೇಗೆ ಅಂತ ಶುರು ಮಾಡಿದ. ಇವತ್ತಿಗೂ ಸೈರನ್ ಆದ ಕೂಡಲೇ ಒಂದೊಂದು ಮನೆಯಿಂದ ‘ರೀ...’ ಅಂತ, ‘ಏ ಪುಟ್ಟೀ’ ಅಂತ, ‘ಭಾವಾ’ ಅಂತ ಕೂಗು ಏಳುತ್ತೆ. ಕೂಗಿ, ಸುತ್ತ ನೋಡಿ, ಊಟಕ್ಕೆ ಕೂರ್ತಾರೆ. ಒಬ್ಬರಿಗೆ ಕರುಳು ಚುರುಕ್ ಅನ್ನೋದು ಬೆಳಗ್ಗೆ, ಇನ್ನೊಬ್ಬರಿಗೆ ಸಂಜೆ. ಏನು ಮಾಡೋದು ಹೇಳಿ.

ನಾನು ಚಂಪಾ. ಬಸ್ ನಿಲ್ದಾಣದ ಎದುರಿಗೆ ಜೆರಾಕ್ಸು, ಕಂಪ್ಯೂಟರ್ ರಿಪೇರಿ ಅಂಗಡಿ ಇಟ್ಟುಕೊಂಡಿದ್ದೀನಿ. ಚಂಪಾಗೆ ಕೋಪ ಮೂಗಿನ ತುದಿಯಲ್ಲೇ ಅಂತ ಊರಿನವರು ಆಡಿಕೊಳ್ತಾರೆ. ಇರಲಿ. ಆದರೆ ಈ ಊರಲ್ಲಿ ನನಗೆ ಕಾಣದವರು ಅಂತ ಒಬ್ಬರೂ ಇಲ್ಲ. ನಾನು ಬಾಯಿಗೆ ಬಂದ ಹಾಗೆ ಬೈಯ್ತೀನಿ, ಮಾತು ಮಾತ್ರ ಬಿಡೋಳಲ್ಲ. ಈಗ ನಾನು ಹೇಳಹೊರಟಿದ್ದು ನನ್ನ ಕಥೆಯಲ್ಲ, ನಮ್ಮ ಅಂಗಡಿಯ ಹಿಂದಿನ ಬೀದಿಯ ಅಂಬುಜಕ್ಕನದು.

ಅಂಬುಜಕ್ಕ ಊಟದ ಮನೆ ನಡೆಸ್ತಾರೆ. ಆಫೀಸಿನವರು, ಬಸ್ ಡ್ರೈವರುಗಳು, ಅಡುಗೆ ಬಾರದ ಗಂಡಸರು ಎಲ್ಲ ಅಲ್ಲೇ ಊಟ ಮಾಡೋದು. ತಾಯಿ ತೀರಿಕೊಂಡಾಗ ಅಂಬುಜಕ್ಕ ಇನ್ನೂ ಲಂಗ ಹಾಕ್ತಿದ್ದ ಹುಡುಗಿ, ತಮ್ಮ ತ್ಯಾಗರಾಜ ಅಂಬೆಗಾಲಿಡ್ತಿದ್ದ ಕೂಸು. ಸೊಂಟದಿಂದ ಇಳಿಸದೆ ಸಾಕಿದರು. ತಮ್ಮನನ್ನು ಬಿಟ್ಟು ಹೋಗೋಲ್ಲ ಅಂತ ಬಂದ ಸಂಬಂಧವನ್ನೆಲ್ಲ ವಾಪಸ್ಸು ಕಳಿಸಿದರು. ತ್ಯಾಗಣ್ಣ ಬೆಳೆದು ಅದೇ ಮನೆಯ ಮುಂದಿನ ಕೋಣೆಯಲ್ಲಿ ರೇಡಿಯೋ, ಮಿಕ್ಸಿ, ಟಿವಿ ರಿಪೇರಿಗೆ ಕೂತರು. ಅಕ್ಕ ತಮ್ಮ ಅಂದರೆ ಹೀಗಿರಬೇಕು ಅಂತ ಜನ ದೃಷ್ಟಿ ಹಾಕಿದರೋ ಏನೋ.

ಜಗಳ ಆಗಿದ್ದು ತ್ಯಾಗಣ್ಣನ ಮದುವೆ ವಿಷಯಕ್ಕೆ. ಅಕ್ಕ ಹೆಣ್ಣು ಗೊತ್ತು ಮಾಡಿದ್ದರು. ಹೆಣ್ಣು ನೋಡೋಕೆ ಹೊರಡೋ ಹೊತ್ತಿಗೆ ತಮ್ಮನ ಪತ್ತೆಯಿಲ್ಲ, ಯಾರದೋ ಟೇಪ್ ರೆಕಾರ್ಡರ್ ಬಿಚ್ಚಿಕೊಂಡು ಗೆಳೆಯನ ಮನೆಯಲ್ಲಿ ಕೂತಿದ್ದಾರೆ. ಅಂಬುಜಕ್ಕ ಒಬ್ಬರೇ ಹೋಗಿ, ಹೆಣ್ಣಿನ ಮನೆಯವರ ಕೇಸರಿಬಾತು ಮುಂದಿಟ್ಟುಕೊಂಡು, ಈಗ ಬರ್ತಾನೆ ಆಗ ಬರ್ತಾನೆ ಅಂತ ಹೇಳಿ ಹೇಳಿ, ತಲೆ ತಗ್ಗಿಸಿಕೊಂಡು ಎದ್ದು ಬಂದರು. ಬಂದವರೇ ‘ಇನ್ನು ನನ್ನ ಕಣ್ಣಿಗೆ ಬೀಳಬೇಡ ನೀನು’ ಅಂದರು. ‘ಸರಿ, ಬೀಳೋಲ್ಲ’ ಅಂದರು ತ್ಯಾಗಣ್ಣ. ಬೆಳಗಾಯ್ತು. ಮುಂದಿನ ಕೋಣೆ ಅಕ್ಕನ ಕಣ್ಣಿಗೆ ಖಾಲಿ, ಅಡುಗೆಮನೆ ತಮ್ಮನ ಕಣ್ಣಿಗೆ ಖಾಲಿ.

ಹಾಗೇ ಒಂಬತ್ತು ವರ್ಷ ಒಂದೇ ಸೂರಿನಡಿ ಕಳೆದರು ನೋಡಿ. ದಿನಾ ಮಧ್ಯಾಹ್ನ ಅಂಬುಜಕ್ಕ ನಡುಮನೆಯ ಗೂಡಿನಲ್ಲಿ ಒಂದು ತಟ್ಟೆ ಊಟ ಇಡೋದು. ಸ್ವಲ್ಪ ಹೊತ್ತಿಗೆ ಅದೇ ತಟ್ಟೆ ತೊಳೆದು ಬೋರಲು ಹಾಕಿರುತ್ತೆ. ತಮ್ಮ ಬದುಕಿದ್ದಾನೆ, ಹಸಿವು ಆಗ್ತಿದೆ ಅಂತ ಅಕ್ಕನಿಗೆ ಗೊತ್ತಾಗ್ತಿದ್ದದ್ದು ಅದೊಂದರಿಂದಲೇ. ‘ಊರಿಗೆಲ್ಲ ಬಡಿಸ್ತೀನಿ ಕಣೇ ಚಂಪಾ, ಎಲ್ಲರೂ ಉಪ್ಪು ಹೆಚ್ಚಾಯ್ತು ಖಾರ ಕಮ್ಮಿಯಾಯ್ತು ಅಂತಾರೆ. ಅವನೊಬ್ಬನಿಗೆ ಹೇಗಿತ್ತು ಅಂತ ತಿಳಿಯೋದೇ ಇಲ್ಲ’ ಅಂತ ನನ್ನ ಹತ್ತಿರ ಹೇಳ್ತಿದ್ದರು.

ನನಗೆ ಹೊಟ್ಟೆ ಉರಿಯೋ ವಿಷಯ ಇನ್ನೊಂದಿತ್ತು. ಭಯವಾದರೆ ಎಲ್ಲರೂ ‘ಅಮ್ಮಾ’ ಅಂತಾರೆ ತಾನೇ? ಈ ಇಬ್ಬರಿಗೆ ಕರೆಯೋಕೆ ಅಮ್ಮ ಎಲ್ಲಿದ್ದಳು? ಹಲ್ಲಿ ಮೈಮೇಲೆ ಬೀಳಲಿ, ಕಾದ ಎಣ್ಣೆ ಸಿಡಿಯಲಿ, ಅಂಬುಜಕ್ಕನ ಬಾಯಿಂದ ಬರೋದು ‘ತ್ಯಾಗೂ!’ ಅಂತಲೇ. ಒಂದು ಸಲ ನನ್ನ ಅಂಗಡಿಯಲ್ಲಿ ತ್ಯಾಗಣ್ಣನಿಗೆ ಕರೆಂಟು ಹೊಡೀತು. ಅಷ್ಟು ದೊಡ್ಡ ಗಂಡಸು ‘ಅಕ್ಕಾ!’ ಅಂತ ಕಿರುಚಿ ಎರಡು ಹೆಜ್ಜೆ ಹಿಂದಕ್ಕೆ ಬಿದ್ದರು. ಇಬ್ಬರೂ ಕರೀತಾನೇ ಇದ್ದರು, ಒಂದೇ ಗಳಿಗೆಯಲ್ಲಿ ಮಾತ್ರ ಅಲ್ಲ. ನಾನು ಇದನ್ನ ಇಬ್ಬರಿಗೂ ಎಷ್ಟು ಸಲ ಹೇಳಿದೆನೋ! ನನ್ನ ತುಟಿ ನೋಡಿ ‘ಏನಂದೆ?’ ಅಂತ ಕೇಳಿ ಸುಮ್ಮನಾಗ್ತಿದ್ದರು.

ಹೀಗಿರುವಾಗ ಮೀನುಗಲ್ಲಿಯ ಒಂದು ಗಂಡ ಹೆಂಡತಿ ಜೋಡಿ, ಮೂರು ವರ್ಷದಿಂದ ಒಬ್ಬರಿಗೊಬ್ಬರು ಕಾಣದವರು, ಒಂದು ಬೆಳಗ್ಗೆ ಕೈ ಕೈ ಹಿಡಿದುಕೊಂಡು ಸಂತೆಗೆ ಬಂದುಬಿಟ್ಟರು. ಊರಿಗೆ ಊರೇ ಬಾಯಿ ಮೇಲೆ ಬೆರಳಿಟ್ಟಿತು. ವಿಚಾರಿಸಿದರೆ, ಇಬ್ಬರೂ ಕಂಪ್ಯೂಟರಿನಲ್ಲಿ ‘ಕಣಜ’ಕ್ಕೆ ಸೇರಿದ್ದರಂತೆ. ಕಣಜ ಅಂದರೆ ಆಟದ ಅಂಗಡಿ. ಅಂಗಡಿಗೆ ನೀವು ಹೋಗಬೇಕಿಲ್ಲ, ಅದೇ ನಿಮ್ಮ ಕಂಪ್ಯೂಟರಿನೊಳಗೆ ಬಂದು ಕೂರುತ್ತೆ. ನಿಮ್ಮ ಹೆಸರಿಗೆ ಒಂದು ಖಾತೆ, ನೀವು ತೆಗೆದುಕೊಂಡ ಆಟಗಳೆಲ್ಲ ಅದರಲ್ಲಿ ಜೋಡಿಸಿಟ್ಟಿರುತ್ತೆ, ಬೇಕಾದ್ದನ್ನು ಇಳಿಸಿಕೊಂಡು ಆಡಬಹುದು. ಅಲ್ಲಿ ನಿಮ್ಮ ನಿಜವಾದ ಹೆಸರೇ ಇರಬೇಕು ಅಂತಿಲ್ಲ. ಬೇರೆ ಹೆಸರು ಇಟ್ಟುಕೊಂಡರೆ ನಮ್ಮೂರಿನ ಕಟ್ಟು ಅಲ್ಲಿಗೆ ತಟ್ಟೋಲ್ಲ. ಕಾಣದವರು ಬರೆದ ಮಾತು ಅಲ್ಲಿ ಕಾಣುತ್ತೆ, ಆ ಹೆಸರು ಹೇಳಿದರೆ ಕಿವಿಗೂ ಬೀಳುತ್ತೆ. ಯಾಕೆ ಅಂತ ನನ್ನನ್ನು ಕೇಳಬೇಡಿ. ಆಟದಲ್ಲಿ ಭೇಟಿಯಾದ ಮೇಲೆ ಇಬ್ಬರೂ ಒಂದೇ ಗಳಿಗೆಯಲ್ಲಿ ಕರೆದುಕೊಂಡದ್ದು ಹೇಗೆ ಅಂತ ಮಾತ್ರ ಆ ದಂಪತಿ ಬಾಯಿ ಬಿಡಲಿಲ್ಲ, ನಾಚಿಕೊಂಡು ಮೀನು ಆರಿಸೋಕೆ ಹೋದರು.

ಆಮೇಲೆ ನನ್ನ ಅಂಗಡಿಯ ಕಥೆ ಕೇಳಬೇಡಿ. ಜುಟ್ಟು ಕಟ್ಟಿದ ಪುರೋಹಿತರು, ಸೊಸೆಯರು, ಅತ್ತೆಯರು, ಪೆನ್ಷನ್ ತಗೊಳ್ಳೋರು, ಎಲ್ಲರಿಗೂ ಕಣಜ ಬೇಕು. ‘ನಿಮ್ಮ ಕಂಪ್ಯೂಟರಿಗೆ ಈ ಆಟ ಎಳೆಯೋ ಶಕ್ತಿ ಇಲ್ಲ, ರ್‍ಯಾಮು ಸಾಲದು’ ಅಂದರೆ ನನ್ನ ಮೇಲೆಯೇ ಹರಿಹಾಯೋರು. ನಾನೂ ಬಿಡ್ತಿರಲಿಲ್ಲ.

ಅಂಬುಜಕ್ಕ ಬಂದದ್ದು ಎಲ್ಲರೂ ಬಂದು ಹೋದ ಮೇಲೆ. ಸೆರಗಿನಲ್ಲಿ ಕೈ ಒರೆಸಿಕೊಳ್ತಾ ಬಾಗಿಲಲ್ಲಿ ನಿಂತು ‘ಅವನಿಗೆ ಮುಂಚಿನಿಂದಲೂ ಆಟದ ಹುಚ್ಚು. ಅಲ್ಲೆಲ್ಲಾದರೂ ಇದ್ದಾನೇನೇ?’ ಅಂದರು. ಇದ್ದರು. ಅಲ್ಲಿ ಅವರ ಹೆಸರು ಒಂಟಿಕೊಕ್ಕರೆ. ನಾನೇ ಖಾತೆ ಮಾಡಿಕೊಟ್ಟಿದ್ದು. ‘ಆ ಕೊಕ್ಕರೆ ನಿಮ್ಮ ತಮ್ಮನೇ’ ಅಂತ ಹೇಳೋಕೆ ಬಾಯಿ ತೆಗೆದೆ, ತುಟಿ ಅಲ್ಲಾಡಿತು, ಅಂಬುಜಕ್ಕ ನಿಟ್ಟುಸಿರು ಬಿಟ್ಟರು. ‘ಹೋಗಲಿ ಬಿಡು. ನಾನೇ ಹುಡುಕ್ತೀನಿ’ ಅಂದರು.

ಹಳೇ ಸಾಮಾನು ಸೇರಿಸಿ ಒಂದು ಕಂಪ್ಯೂಟರ್ ಮಾಡಿ ಅವರ ಅಡುಗೆಮನೆಯ ಮೂಲೆಯಲ್ಲಿ, ಅಕ್ಕಿ ಡಬ್ಬದ ಪಕ್ಕದಲ್ಲಿ ಇಟ್ಟೆ. ಖಾತೆ ತೆರೆಯೋಕೆ ಕೂತೆವು. ಗುಟ್ಟಿನ ಪದ ಯಾವುದು ಇಡಬೇಕು ಅಂದರೆ ಅಂಬುಜಕ್ಕ ಊಟಕ್ಕೆ ಕೂತ ಡ್ರೈವರುಗಳಿಗೆಲ್ಲ ಕೇಳೋ ಹಾಗೆ ಕೂಗಿ ಹೇಳಿದರು. ‘ಗುಟ್ಟು ಅಂದರೆ ಗುಟ್ಟು ಅಕ್ಕಾ!’ ಅಂತ ಬೈದು ಬೇರೆ ಇಡಿಸಿದೆ. ಆಮೇಲೆ ಪರದೆ ಮೇಲೆ ಚಿತ್ರಗಳು ಬಂದವು. ಟ್ರಾಫಿಕ್ ದೀಪ ಇರೋ ಚಿತ್ರಗಳನ್ನೆಲ್ಲ ಒತ್ತಬೇಕು. ‘ಇದ್ಯಾಕೆ?’ ಅಂದರು. ನೀವು ಯಂತ್ರ ಅಲ್ಲ ಅಂತ ತೋರಿಸೋಕೆ ಅಂದೆ. ‘ಬೆಳಗಾದರೆ ಒಬ್ಬಳೇ ಇನ್ನೂರು ಚಪಾತಿ ಲಟ್ಟಿಸ್ತೀನಿ, ನಾನು ಯಂತ್ರ ಅಲ್ಲ ಅಂತ ಅದಕ್ಕೆ ಹೇಗೆ ನಂಬಿಸಲಿ?’ ಅಂತ ನಕ್ಕರು. ನಮ್ಮೂರಲ್ಲಿ ಟ್ರಾಫಿಕ್ ದೀಪವೇ ಇಲ್ಲ. ಲಾಟೀನು ಇದ್ದದ್ದನ್ನೆಲ್ಲ ಒತ್ತಿ, ಮತ್ತೆ ಮತ್ತೆ ತಪ್ಪಿ, ಕೊನೆಗೆ ನಾನು ಬೆರಳಿಟ್ಟು ತೋರಿಸಿದೆ. ಮೇಲ್‌ಗೆ ಒಂದು ಕೋಡು ಬಂತು, ಅದನ್ನು ಹಾಕಿದ್ದಾಯ್ತು. ಹೆಸರು ಏನಿಡಲಿ ಅಂದಾಗ ಒಲೆ ಕಡೆ ನೋಡಿ ‘ಮೆಂತ್ಯದಹಿಟ್ಟು’ ಅಂದರು. ತ್ಯಾಗಣ್ಣನಿಗೆ ಚಿಕ್ಕಂದಿನಲ್ಲಿ ಅನ್ನಕ್ಕೆ ಅದೇ ಬೇಕಿತ್ತಂತೆ.

ಅಷ್ಟರಲ್ಲಿ ನನಗೆ ಅಂಗಡಿಯಿಂದ ಫೋನ್ ಬಂತು. ನಾನು ಹಿತ್ತಲಿಗೆ ಹೋಗಿ ಯಾರನ್ನೋ ಬೈದು ಬರೋದರೊಳಗೆ ಅಂಬುಜಕ್ಕ ಉಳಿದದ್ದನ್ನೆಲ್ಲ ತಾವೇ ಒತ್ತಿ ಮುಗಿಸಿದ್ದರು. ಭಲೇ ಅಂತ ಬೆನ್ನು ತಟ್ಟಿದೆ. ಏನೇನು ಒತ್ತಿದಿರಿ ಅಂತ ಕೇಳೋ ಬುದ್ಧಿ ನನಗೆ ಆಗ ಬರಲಿಲ್ಲ.

ಬಿಟ್ಟಿ ಸಿಗೋ ಆಟಗಳಲ್ಲಿ ಜೋಡಿದೋಣಿ ಅಂತ ಒಂದಿತ್ತು, ಅದನ್ನು ಇಳಿಸಿಕೊಟ್ಟೆ. ಒಂದು ದೋಣಿ, ಇಬ್ಬರು ಜನ. ಒಬ್ಬರು ಎಡಗಡೆ ಹುಟ್ಟು ಹಾಕಬೇಕು, ಒಬ್ಬರು ಬಲಗಡೆ. ಇಬ್ಬರೂ ಹೊಂದಿಕೊಂಡು ಹಾಕಿದರೆ ದೋಣಿ ನೆಟ್ಟಗೆ ಹೋಗುತ್ತೆ. ಒಬ್ಬರೇ ಹಾಕಿದರೆ ಇದ್ದಲ್ಲೇ ಗಿರಗಿರ ತಿರುಗುತ್ತೆ. ತ್ಯಾಗಣ್ಣ ಹಗಲೆಲ್ಲ ಕೆಲಸವಿಲ್ಲದಾಗ ಆಡ್ತಿದ್ದದ್ದು ಇದನ್ನೇ, ಗೊತ್ತುಗುರಿಯಿಲ್ಲದ ಯಾರ ಜೊತೆಗೋ.

ಕಣಜದಲ್ಲಿ ಒಂದು ಕಾನೂನು. ಏನನ್ನೂ ಕೊಳ್ಳದ ಹೊಸಬರು ಯಾರಿಗೂ ಗೆಳೆತನದ ಕೋರಿಕೆ ಕಳಿಸೋ ಹಾಗಿಲ್ಲ, ಬಂದದ್ದನ್ನು ಒಪ್ಪಿಕೊಳ್ಳಬಹುದು. ಆದ್ದರಿಂದ ನಾನೇ ಮುಂದಿನ ಕೋಣೆಗೆ ಹೋಗಿ ‘ತ್ಯಾಗಣ್ಣ, ಮೆಂತ್ಯದಹಿಟ್ಟು ಅಂತ ಒಬ್ಬರು ಹೊಸಬರು ಬಂದಿದ್ದಾರೆ. ಏನೂ ತಿಳಿಯೋಲ್ಲ ಪಾಪ, ಸ್ವಲ್ಪ ಕೈ ಹಿಡೀರಿ’ ಅಂದೆ. ಮಾತು ಅವರ ಕಿವಿಗೆ ಬಿತ್ತು. ‘ಅಯ್ಯೋ, ಅದಕ್ಕೇನಂತೆ ಚಂಪಾ’ ಅಂತ ಆಗಲೇ ಕೋರಿಕೆ ಕಳಿಸಿದರು. ನಡುಮನೆಯಾಚೆ ಅಂಬುಜಕ್ಕನ ಕಂಪ್ಯೂಟರ್ ಟಿಂಗ್ ಅಂದದ್ದು ನನಗೆ ಕೇಳಿಸಿತು. ಓಡಿಹೋಗಿ ಅಂಬುಜಕ್ಕನ ಕೈಲಿ ‘ಒಪ್ಪಿದೆ’ ಒತ್ತಿಸಿದೆ.

ಇನ್ನೇನು ಆಗೇಹೋಯ್ತು ಅಂದುಕೊಂಡೆ. ಏನೂ ಆಗಲಿಲ್ಲ. ವಾರ ಕಳೀತು, ತಿಂಗಳಾಗ್ತಾ ಬಂತು. ಅಂಬುಜಕ್ಕ ಊಟದ ಮನೆ ಬಾಗಿಲು ಹಾಕಿ ದಿನಾ ಮಧ್ಯಾಹ್ನ ಕಂಪ್ಯೂಟರ್ ಮುಂದೆ ಕೂರೋದು, ದೋಣಿ ಇದ್ದಲ್ಲೇ ತಿರುಗೋದು. ‘ಒಂಟಿಕೊಕ್ಕರೆ ಅಂತ ಯಾರೋ ಇದ್ದಾರೆ, ಬರ್ತಾರೆ ಹೋಗ್ತಾರೆ, ನನ್ನನ್ನು ಕರೆಯೋದೇ ಇಲ್ಲ. ಗುರುತಿಲ್ಲದವರನ್ನು ನಾನಾಗಿ ಯಾಕೆ ಮಾತಾಡಿಸಲಿ?’ ಅಂದರು. ಆ ಕಡೆ ತ್ಯಾಗಣ್ಣನನ್ನು ಕೇಳಿದರೆ ‘ನಿನ್ನ ಮೆಂತ್ಯದಹಿಟ್ಟು ಒಂದು ದಿನವೂ ಬಂದಿಲ್ಲವಲ್ಲ ಮಾರಾಯ್ತಿ’ ಅನ್ನೋದು. ನನಗೆ ತಲೆ ಕೆಟ್ಟುಹೋಯ್ತು. ಅಂಬುಜಕ್ಕ ದಿನೇ ದಿನೇ ಇಳಿದುಹೋದರು. ಒಂದು ದಿನ ಕಂಪ್ಯೂಟರಿಗೆ ಬಟ್ಟೆ ಮುಚ್ಚಿ ‘ವಾಪಸ್ಸು ತಗೊಂಡು ಹೋಗೇ ಚಂಪಾ. ಅವನು ಅಲ್ಲಿಲ್ಲ, ಇದ್ದರೂ ಅವನಿಗೆ ನಾನು ಬೇಡ’ ಅಂದರು. ಕಣ್ಣಲ್ಲಿ ನೀರು.

ನಾನು ಬಟ್ಟೆ ಎಳೆದು ಬಿಸಾಕಿ ಕೂತೆ. ಒಂದೊಂದೇ ಪುಟ ತೆಗೆದು ನೋಡ್ತಾ ಹೋದೆ. ಸಿಕ್ಕಿತು. ‘ನೀವು ಬಂದಾಗ ಗೆಳೆಯರಿಗೆ ಕಾಣಿಸಬೇಕೇ?’ ಅನ್ನೋದಕ್ಕೆ ಅಂಬುಜಕ್ಕ ‘ಬೇಡ’ ಅಂತ ಒತ್ತಿದ್ದರು! ತಿಂಗಳಿಂದ ಬಂದು ಕೂತಿದ್ದಾರೆ, ಯಾರ ಕಣ್ಣಿಗೂ ಬಿದ್ದಿಲ್ಲ.

‘ಅಲ್ಲ ಅಕ್ಕಾ, ನಿಮಗೇನಾದರೂ ಬುದ್ಧಿ ಇದೆಯಾ? ಯಾರಿಗೂ ಕಾಣದೆ ಕೂತರೆ ಯಾರು ಕರೀತಾರೆ?’ ಅಂತ ಕಿರುಚಿದೆ.

‘ಮತ್ತೆ? ಅದು ಕೇಳ್ತು. ಕಾಣಬೇಡ ಅಂತ ಮೊದಲು ಅಂದವರು ತಾವು ಮೊದಲು ಕಾಣಿಸಿಕೊಳ್ಳಬಾರದು ತಾನೇ? ಮರ್ಯಾದೆ ಅಂತ ಒಂದಿಲ್ಲವಾ?’ ಅಂದರು.

ಇದು ನಮ್ಮೂರಿನ ಹಳೇ ಪದ್ಧತಿ, ನಿಜ. ಜಗಳ ತೆಗೆದವರು ದಾರಿಯಲ್ಲಿ ಬದಿಗೆ ಸರಿದು ನಡೀತಾರೆ, ಸಭೆಯಲ್ಲಿ ಹಿಂದೆ ಕೂರ್ತಾರೆ. ನಮ್ಮೂರಿನವರಲ್ಲದೆ ಬೇರೆ ಯಾರೂ ಕಂಪ್ಯೂಟರಿನ ಮುಂದೆಯೂ ಆ ಮರ್ಯಾದೆ ಕಾಯೋಲ್ಲ. ನನಗೆ ನಗಬೇಕೋ ಅಳಬೇಕೋ ತಿಳೀಲಿಲ್ಲ.

‘ಹಿಂದಿನ ದಿನವೇ ಹೇಳಿದ್ದ ಕಣೇ ಅವನು’ ಅಂದರು ಅಂಬುಜಕ್ಕ, ಮೆಲ್ಲಗೆ. ‘ಅಕ್ಕಾ, ನನಗೆ ಮದುವೆ ಬೇಡ, ನಾವಿಬ್ಬರೇ ಚೆನ್ನಾಗಿದ್ದೀವಲ್ಲ ಅಂದ. ಸುಮ್ಮನೆ ಊಟ ಮಾಡೋ ಅಂದುಬಿಟ್ಟೆ. ಅವತ್ತು ಅವನ ಮಾತು ನನಗೆ ಕೇಳಿಸ್ತಿತ್ತು. ಕೇಳಿಸ್ತಿದ್ದಾಗ ಕೇಳಲಿಲ್ಲ. ಈಗ ಯಾವ ಮುಖ ಇಟ್ಟುಕೊಂಡು ಮೊದಲು ಹೋಗಿ ನಿಲ್ಲಲಿ?’

ನಾನು ಬೈಯೋದು ಬಿಟ್ಟೆ. ‘ತಪ್ಪು ಮಾಡಿದವರೇ ಅಕ್ಕಾ ಮೊದಲು ಹೋಗಿ ನಿಲ್ಲಬೇಕಾದ್ದು. ಅವಿತುಕೊಂಡರೆ ಅದು ಮರ್ಯಾದೆಯಲ್ಲ, ಅಂಜಿಕೆ’ ಅಂದೆ. ಒಲೆಯ ಮೇಲಿನ ಸಾರು ಉಕ್ಕಿತು, ಎದ್ದು ಇಳಿಸಿ ಬಂದರು. ಆಮೇಲೆ ಸೆರಗು ಸರಿಮಾಡಿಕೊಂಡು, ಯಾರದೋ ಎದುರಿಗೆ ಹೋಗೋರ ಹಾಗೆ ತಲೆಗೂದಲು ತೀಡಿಕೊಂಡು, ‘ಬೇಕು’ ಅನ್ನೋದನ್ನು ಒತ್ತಿದರು.

ಉಸಿರು ಬಿಡೋಷ್ಟರಲ್ಲಿ ಒಂಟಿಕೊಕ್ಕರೆಯಿಂದ ಮಾತು ಬಂತು: ‘ಅಂತೂ ಬಂದಿರಾ! ದೋಣಿ ಹತ್ತಿ.’

ಅವತ್ತಿನಿಂದ ದಿನಾ ಮಧ್ಯಾಹ್ನ ದೋಣಿ. ಅಂಬುಜಕ್ಕ ಎಡಗಡೆ, ಕೊಕ್ಕರೆ ಬಲಗಡೆ. ಮೊದಮೊದಲು ದಡಕ್ಕೆ ಬಡಿದದ್ದೇ ಬಡಿದದ್ದು. ಅಂಬುಜಕ್ಕ ಒಂದು ಬೆರಳಿನಲ್ಲಿ ಅಕ್ಷರ ಹುಡುಕಿ ಹುಡುಕಿ ‘ಕಣ್ಣು ಕಾಣೋಲ್ವಾ’ ಅಂತ ಬರೆದು ಬೈಯೋರು. ಆ ಕಡೆಯಿಂದ ‘ತಪ್ಪಾಯ್ತು ತಾಯಿ’ ಅಂತ ಬರೋದು. ಬರಬರುತ್ತಾ ಇಬ್ಬರ ಕೈ ಹದಕ್ಕೆ ಬಂತು. ಅಂಬುಜಕ್ಕನ ಮುಖದಲ್ಲಿ ಕಳೆ ಬಂತು, ಸಾರಿಗೆ ರುಚಿ ಬಂತು ಅಂತ ಡ್ರೈವರುಗಳೇ ಹೇಳಿದರು. ‘ಈ ಕೊಕ್ಕರೆ ಒಳ್ಳೆಯವನು ಕಣೇ, ಮನೆಯಲ್ಲಿ ಯಾರೂ ಇಲ್ಲ ಅಂತ ಕಾಣುತ್ತೆ ಪಾಪ. ಆದರೆ ನಮ್ಮ ತ್ಯಾಗು ಸಿಗೋದು ಯಾವಾಗ?’ ಅನ್ನೋರು. ನಾನು ಸೀರೆ ಸೆರಗು ಬಾಯಿಗೆ ಒತ್ತಿಕೊಳ್ತಿದ್ದೆ. ಆ ಕಡೆ ತ್ಯಾಗಣ್ಣ ‘ಈ ಮೆಂತ್ಯದಹಿಟ್ಟು ಬೈದರೆ ಥೇಟ್ ನಮ್ಮಕ್ಕ ಬೈದ ಹಾಗೇ ಇರುತ್ತೆ ಚಂಪಾ’ ಅಂದು, ಸ್ಕ್ರೂ ಡ್ರೈವರ್ ಕೆಳಗಿಟ್ಟು, ಅಡುಗೆಮನೆ ಕಡೆ ನೋಡೋರು. ಅವರಿಗೆ ಅಲ್ಲಿ ಖಾಲಿ ಮಣೆ ಕಾಣುತ್ತೆ. ಮಣೆ ಮೇಲೆ ಅಂಬುಜಕ್ಕ ಕೂತು ಬೆಳ್ಳುಳ್ಳಿ ಸುಲೀತಿರ್ತಾರೆ. ಅಯ್ಯೋ ದೇವರೇ ಅಂತ ನಾನು ಎದ್ದು ಬಂದುಬಿಡ್ತಿದ್ದೆ.

ಒಂದು ಮಧ್ಯಾಹ್ನ ಊಟಕ್ಕೆ ಅಂತ ತಡವಾಗಿ ಹೋದೆ. ಅಂಬುಜಕ್ಕ ನನಗೆ ಬಡಿಸಿ ದೋಣಿ ಹತ್ತಿದ್ದರು. ಹೊಸ ಹೊಳೆಯಂತೆ, ಇಲ್ಲಿವರೆಗೆ ಹೋಗಿರದ ದಾರಿ. ನೀರು ಸದ್ದಿಲ್ಲದೆ ಹರೀತಿತ್ತು, ಎರಡೂ ದಡದಲ್ಲಿ ಬಿದಿರು. ಇಬ್ಬರೂ ಎಷ್ಟು ಚೆನ್ನಾಗಿ ಹುಟ್ಟು ಹಾಕ್ತಿದ್ದರು ಅಂದರೆ ನಾನು ತುತ್ತು ಕೈಯಲ್ಲೇ ಹಿಡಿದು ನೋಡ್ತಾ ಕೂತೆ. ತಿರುವು ಬಂತು. ತಿರುವು ದಾಟಿದರೆ ಮುಂದೆ ನೀರೇ ಇಲ್ಲ! ಜಲಪಾತ. ದೋಣಿಯ ಮೂತಿ ಕೆಳಗಾಯ್ತು, ಪರದೆ ತುಂಬ ಪ್ರಪಾತ.

‘ತ್ಯಾಗೂ!’ ಅಂತ ಚೀರಿದರು ಅಂಬುಜಕ್ಕ.

‘ಅಕ್ಕಾ!’ ಅಂತ ಮುಂದಿನ ಕೋಣೆಯಿಂದ ಬಂತು.

ಒಂದೇ ಗಳಿಗೆ. ಒಂದರ ಮೇಲೊಂದು ಬಿದ್ದ ಹಾಗೆ ಎರಡು ಕೂಗು. ಒಬ್ಬೊಬ್ಬರೇ ಹೆದರಿದರೆ ಒಟ್ಟಿಗೆ ಕೂಗೋಕೆ ಆಗುತ್ತಾ? ಒಂದೇ ದೋಣಿಯಿಂದ ಬೀಳಬೇಕಿತ್ತು. ನನ್ನ ಕೈಯ ತುತ್ತು ತಟ್ಟೆಗೆ ಬಿತ್ತು.

ಅಂಬುಜಕ್ಕ ಮೌಸ್ ಹಿಡಿದುಕೊಂಡೇ ಕೂತಿದ್ದರು. ತಿರುಗಲಿಲ್ಲ. ‘ಚಂಪಾ, ಈಗ... ಯಾರಾದರೂ ಕರೆದರಾ?’ ಅಂತ ಪಿಸುಗುಟ್ಟಿದರು. ಮುಂದಿನ ಕೋಣೆಯಲ್ಲಿ ಕುರ್ಚಿ ಉರುಳಿತು, ನಡುಮನೆಯಲ್ಲಿ ಹೆಜ್ಜೆ ಸದ್ದಾಯ್ತು, ಅಡುಗೆಮನೆ ಬಾಗಿಲಲ್ಲಿ ತ್ಯಾಗಣ್ಣ ಬಂದು ನಿಂತರು. ಉಸಿರು ಮೇಲೆ ಕೆಳಗೆ ಆಗ್ತಿತ್ತು. ಮಣೆಯ ಕಡೆ ನೋಡಿದರು, ಅಕ್ಕಿ ಡಬ್ಬದ ಕಡೆ ನೋಡಿದರು, ಆಮೇಲೆ ಅವರ ಕಣ್ಣು ಒಂದು ಕಡೆ ನಿಂತುಬಿಟ್ಟಿತು.

ಅಂಬುಜಕ್ಕ ನಿಧಾನವಾಗಿ ಎದ್ದು ತಿರುಗಿದರು. ಕಪ್ಪು ಕೂದಲಿನ ತಮ್ಮನನ್ನು ಕಳೆದುಕೊಂಡವರು, ಎದುರಿಗೆ ನಿಂತವರ ತಲೆ ಅರ್ಧ ಬೆಳ್ಳಗಾಗಿದೆ, ಕನ್ನಡಕ ಬಂದಿದೆ. ಕಾಲಿನಿಂದ ತಲೆಯವರೆಗೆ ನೋಡಿದರು. ಒಂಬತ್ತು ವರ್ಷದಲ್ಲಿ ಏನೇನು ಹೇಳಬೇಕು ಅಂತ ಎಷ್ಟು ಜೋಡಿಸಿಟ್ಟುಕೊಂಡಿದ್ದರೋ, ಎಲ್ಲ ಎಲ್ಲಿ ಹೋಯ್ತೋ.

‘ದಿನಾ ಉಣ್ತಿದ್ದೆಯಲ್ಲೋ’ ಅಂದರು, ‘ಉಪ್ಪು ಸರಿ ಇರ್ತಿತ್ತೇನೋ?’

ತ್ಯಾಗಣ್ಣ ಕನ್ನಡಕ ತೆಗೆದು ತೋಳಿನಿಂದ ಕಣ್ಣೊರೆಸಿಕೊಂಡರು.

‘ಒಂಚೂರು ಜಾಸ್ತಿ ಅಕ್ಕಾ’ ಅಂದರು. ‘ದಿನಾ.’